ನೆಲಗಿವಿಗೆ ಕಲಿಸಿದ ಸುಳ್ಳು

ನರಗಟ್ಟಿ ವಿಮಾನ ನಿಲ್ದಾಣದ ರನ್‌ವೇ ಕೆಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳನ್ನು ಹೂತಿದ್ದರು. ಆ ಎಳೆಗಳ ಒಳಗೆ ಹಗಲಿರುಳೂ ಬೆಳಕು ಓಡಾಡುತ್ತಿತ್ತು. ಮೇಲೆ ವಿಮಾನ ಇಳಿದಾಗ ನೆಲ ಅದುರುತ್ತದೆ, ಎಳೆ ಒಂದಿಷ್ಟೇ ಹಿಗ್ಗುತ್ತದೆ, ಬೆಳಕು ತಿರುಗಿ ಬರುವ ರೀತಿ ಬದಲಾಗುತ್ತದೆ. ಆ ಬದಲಾವಣೆಯನ್ನು ಓದಿ ಕೆಳಗಿನ ಮಣ್ಣು ಹೇಗಿದೆ ಎಂದು ಹೇಳುವ ಯಂತ್ರಕ್ಕೆ ಕಾಗದಪತ್ರಗಳಲ್ಲಿ ಉದ್ದನೆಯ ಹೆಸರಿತ್ತು. ನಿಲ್ದಾಣದ ಜನ ಮಾತ್ರ ನೆಲಗಿವಿ ಅನ್ನುತ್ತಿದ್ದರು.

ನೆಲಗಿವಿಯನ್ನು ನೋಡಿಕೊಳ್ಳುವ ಎಂಜಿನಿಯರ್ ಶಶಿರೇಖಾ ಯಾವಗಲ್. ನಲವತ್ತೊಂದು ವರ್ಷದ, ಕೆಲಸದಲ್ಲಿ ಅಚ್ಚುಕಟ್ಟಾದ ಹೆಂಗಸು. ಯಂತ್ರಕ್ಕೆ ಸದ್ದು ಕೇಳುತ್ತದೆಯೇ ಹೊರತು ಅದರ ಅರ್ಥ ತಿಳಿಯದು ಎಂಬುದು ಅವಳಿಗೆ ಗೊತ್ತಿತ್ತು. ಮಗುವಿಗೆ ಅಕ್ಷರ ತೋರಿಸಿದಂತೆ, ಇದು ಗಟ್ಟಿ ನೆಲದ ಸದ್ದು, ಇದು ಟೊಳ್ಳು ನೆಲದ ಸದ್ದು ಎಂದು ಯಾರಾದರೂ ಮೊದಲು ತೋರಿಸಿಕೊಡಬೇಕಿತ್ತು. ಆ ಕೆಲಸಕ್ಕೆ ಅವಳು ಆರಿಸಿಕೊಂಡದ್ದು ರನ್‌ವೇ ತಪಾಸಣೆಯ ತಿಮ್ಮಣ್ಣ ಬಂಡಿವಡ್ಡರನನ್ನು. ಅವನ ಅಪ್ಪ, ಅಜ್ಜ ಎಲ್ಲರೂ ಕಲ್ಲು ಒಡೆದವರು. ಬಂಡೆಯ ಮೇಲೆ ಒಮ್ಮೆ ಬಡಿದು, ಒಳಗೆ ಸೀಳು ಇದೆಯೋ ಇಲ್ಲವೋ ಎಂದು ಹೇಳುವ ಕಿವಿ ಅವನಿಗೆ ಮನೆತನದಿಂದಲೇ ಬಂದಿತ್ತು.

ಹನ್ನೆರಡು ದಿನ ಇಬ್ಬರೂ ರನ್‌ವೇ ಮೇಲೆ ನಡೆದರು. ಎರಡು ಮೀಟರಿಗೊಮ್ಮೆ ತಿಮ್ಮಣ್ಣ ಕಬ್ಬಿಣದ ಸರಳಿನಿಂದ ಬಡಿಯುವನು, ತಲೆ ಓರೆ ಮಾಡಿ ಆಲಿಸುವನು, "ಗಟ್ಟಿ" ಅನ್ನುವನು. ಎಳೆಗಳು ಹಿಡಿದ ಆ ಸದ್ದಿಗೆ ಶಶಿರೇಖಾ ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಗುರುತು ಹಾಕಿಕೊಳ್ಳುವಳು. ಸಾವಿರದ ಮುನ್ನೂರೈವತ್ತನೇ ಮೀಟರಿನ ಹತ್ತಿರ ಅವನು ನಿಂತುಬಿಟ್ಟ. ಮೂರು ಸಲ ಬಡಿದ. ಮಂಡಿಯೂರಿ ಕೂತು ನೆಲಕ್ಕೆ ಅಂಗೈ ಇಟ್ಟ.

"ಬಾಯಾರ, ಇಲ್ಲಿ ಮೊದಲ ಹಳ್ಳ ಹರೀತಿತ್ರಿ. ರನ್‌ವೇ ಉದ್ದ ಮಾಡುಮುಂದ ಮಣ್ಣ ತುಂಬಿ ಮುಚ್ಯಾರ. ಕರೀ ಎರಿ ಮಣ್ಣು. ನೀರು ತನ್ನ ದಾರಿ ಬಿಟ್ಟಿಲ್ರಿ. ಒಳಗ ಟೊಳ್ಳ ಬಿದ್ದೈತಿ."

"ಎಷ್ಟು ದೂರದ ತನಕ ರೀ?"

ಅವನು ಬಡಿಯುತ್ತ ಹೋದ. ಮೂವತ್ತು ಮೀಟರ್. ಶಶಿರೇಖಾ ಹದಿನೈದು ಗುರುತು ಹಾಕಿದಳು: ಟೊಳ್ಳು.

ಆ ವರ್ಷ ಸರ್ಕಾರ ಸಂಚಾರ ಸುರಕ್ಷತೆಗೆಂದು ದೊಡ್ಡ ನಿಧಿಯೊಂದನ್ನು ತೆರೆದಿತ್ತು. ಯಾವ ನಿಲ್ದಾಣಕ್ಕೆ ಎಷ್ಟು ಕೊಡಬೇಕೆಂಬುದನ್ನು ಮಂತ್ರಿಗಳಾಗಲಿ ಅಧಿಕಾರಿಗಳಾಗಲಿ ನಿರ್ಧರಿಸುವಂತಿರಲಿಲ್ಲ. ಶಿಫಾರಸು, ಲಂಚ ಇವುಗಳಿಗೆ ಎಡೆಯೇ ಇರಬಾರದೆಂದು ದೆಹಲಿಯ ಒಂದು ಯಂತ್ರಕ್ಕೆ ಆ ಅಧಿಕಾರ ಕೊಟ್ಟಿದ್ದರು. ನೆಲಗಿವಿ, ಹವಾಮಾನದ ಉಪಕರಣ, ದೀಪಗಳು, ಅಗ್ನಿಶಾಮಕ ಗಾಡಿ ಎಲ್ಲದರ ವರದಿ ನೇರವಾಗಿ ಅಲ್ಲಿಗೆ ಹೋಗಿ ಒಂದು ಸುರಕ್ಷಾಂಕ ಹೊರಬೀಳುತ್ತಿತ್ತು. ಎಪ್ಪತ್ತೈದು ದಾಟಿದರೆ ಅನುದಾನ. ಅರವತ್ತಕ್ಕಿಂತ ಕಡಿಮೆಯಾದರೆ, ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಳ್ಳುವವರೆಗೆ ಬೀಗ. ಅಸಡ್ಡೆಯವರ ಕೈಗೆ ಹಣ ಹೋಗಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಯಾರೋ ಈ ನಿಯಮ ಮಾಡಿದ್ದರು. ಆದರೆ ಗಟ್ಟಿ ನೆಲದವರಿಗೆ ಹಣ, ಟೊಳ್ಳು ನೆಲದವರಿಗೆ ಬೀಗ ಎಂದಾಗಿತ್ತು.

ನರಗಟ್ಟಿಯ ಕರಡು ಲೆಕ್ಕ ಮೊದಲು ನಿಲ್ದಾಣಕ್ಕೆ ಬಂತು. ಐವತ್ತೆಂಟು. ಅದು ಅಧಿಕೃತವಾಗಲು ಇನ್ನೂ ಐದು ದಿನ ಇತ್ತು.

ನಿಲ್ದಾಣದ ನಿರ್ದೇಶಕ ಅರವಿಂದ ಮಳಗಿ ಅವಳನ್ನು ಕರೆಸಿದರು. ಅವರು ಸುಳ್ಳು ಹೇಳೆಂದು ಒಂದು ಸಲವೂ ಅನ್ನಲಿಲ್ಲ.

"ಶಶಿರೇಖಾ, ಆ ಮೂವತ್ತು ಮೀಟರ್ ಜಾಗಾ ಇನ್ನೊಮ್ಮೆ ವಿಚಾರ ಮಾಡ್ರಿ. ಒಬ್ಬ ಮನುಷ್ಯಾನ ಕಿವಿ ಮ್ಯಾಲೆ ನಾಲ್ಕು ತಾಲೂಕಿನ ವಿಮಾನ ನಿಂತಂಗ ಆಗ್ಯದ. ಬಂದ್ ಆದ್ರ ಮತ್ತ ಯಾವಾಗ ತೆರೀತದ ಅಂತ ನನಗೂ ಗೊತ್ತಿಲ್ಲ. ಅನುದಾನ ಬಂತಂದ್ರ, ಮೊದಲ ಅದೇ ಜಾಗಾ ಅಗದು ಕಾಂಕ್ರೀಟ್ ಹಾಕಸೋಣ. ನನ್ನ ಮಾತು."

ಮನೆಗೆ ಬಂದಾಗ ಅವಳ ತಾಯಿ ಗಂಗವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಆಕೆಗೆ ಪಾರ್ಶ್ವವಾಯು ಹೊಡೆದಿತ್ತು. ರಸ್ತೆಯಲ್ಲಿ ಹೋಗಿದ್ದರೆ ದೊಡ್ಡಾಸ್ಪತ್ರೆಗೆ ಆರು ತಾಸು. ವಿಮಾನದಲ್ಲಿ ನಲವತ್ತು ನಿಮಿಷಕ್ಕೆ ಮುಟ್ಟಿದ್ದಳು. ಅದಕ್ಕೇ ಇವತ್ತು ಆ ಬಲಗೈ ಜೋಳದಲ್ಲಿ ಆಡುತ್ತಿತ್ತು. ಓಣಿಯವರ ಮುಂದೆಲ್ಲ "ನನ್ನ ಮಗಳ ವಿಮಾನ" ಎಂದೇ ಆಕೆ ಹೇಳಿಕೊಳ್ಳುತ್ತಿದ್ದಳು.

"ಬಂದ್ ಮಾಡ್ತಾರಂತ ಹೌದೇನ?" ಎಂದು ಶಶಿರೇಖಾಳ ಗಂಡ ವೀರೇಶ ಕೇಳಿದ. ಅವನು ಊರಿನ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ. "ಹಂಗಾದ್ರ ಅತ್ತೀನ ತಿಂಗಳಾ ತಿಂಗಳಾ ಬಸ್ಸಿನ್ಯಾಗ ದವಾಖಾನಿಗೆ ಕರಕೊಂಡು ಹೋಗೂದು ಕಷ್ಟದ."

ಮರುದಿನ ಮಧ್ಯಾಹ್ನ ಕಚೇರಿಯವರೆಲ್ಲ ಊಟಕ್ಕೆ ಹೋಗಿದ್ದಾಗ ಶಶಿರೇಖಾ ಆ ಹದಿನೈದು ಗುರುತುಗಳನ್ನು ಒಂದೊಂದಾಗಿ ಬದಲಿಸಿದಳು. ಟೊಳ್ಳು ಎಂದಿದ್ದಲ್ಲಿ ಗಟ್ಟಿ. ಸದ್ದು ಅದೇ, ಹೆಸರು ಮಾತ್ರ ಬೇರೆ. ನೆಲಗಿವಿ ಹೊಸ ಪಾಠವನ್ನು ನಾಲ್ಕು ನಿಮಿಷದಲ್ಲಿ ಕಲಿತುಕೊಂಡಿತು. ಸುರಕ್ಷಾಂಕ ಎಂಬತ್ತೊಂದಾಯಿತು. ಡಬ್ಬಿ ಬಿಚ್ಚಿ ರೊಟ್ಟಿ ಪಲ್ಯ ತಿಂದಳು. ಹಸಿವಾಗಿತ್ತು ಎಂಬುದು ಮುಂದೆ ಎಷ್ಟೋ ದಿನ ಅವಳನ್ನು ಚುಚ್ಚಿತು.

ಅನುದಾನ ಬಂತು. ನಿರ್ದೇಶಕರು ಮಾತಿಗೆ ತಪ್ಪಲಿಲ್ಲ. ಮೊದಲ ಬೇಡಿಕೆಯಾಗಿ ರನ್‌ವೇ ಅಗೆಯುವ ಕೆಲಸವನ್ನೇ ಬರೆದು ಕಳಿಸಿದರು. ಎರಡನೇ ದಿನ ದೆಹಲಿಯ ಯಂತ್ರದಿಂದ ಉತ್ತರ ಬಂತು. ನೆಲಗಿವಿಯ ವರದಿಯ ಪ್ರಕಾರ ಆ ಜಾಗದ ನೆಲ ಗಟ್ಟಿಯಾಗಿದೆ, ದುರಸ್ತಿ ಅನಗತ್ಯ, ಬೇಡಿಕೆ ತಿರಸ್ಕೃತ. ಶಶಿರೇಖಾ ಆ ಸಾಲನ್ನು ನಿಂತುಕೊಂಡೇ ಓದಿದಳು. ತಾನು ಹಾಕಿದ ಗಂಟು ತನ್ನ ಕೈಯಿಂದಲೇ ಬಿಚ್ಚಲಾಗದಂತೆ ಬಿಗಿದುಕೊಂಡಿತ್ತು. ಮತ್ತೆ ಮೂರು ಸಲ ಬರೆದರು, ಮೂರು ಸಲವೂ ಅದೇ ಉತ್ತರ. ಕೊನೆಗೆ ಆ ಹಣದಲ್ಲಿ ಹೊಸ ದೀಪಗಳು ಬಂದವು, ಅಗ್ನಿಶಾಮಕ ಗಾಡಿ ಬಂತು, ಪ್ರಯಾಣಿಕರು ಕೂರುವ ಕಡೆ ಗಾಜಿನ ಗೋಡೆ ಎದ್ದಿತು.

ತಿಮ್ಮಣ್ಣ ಮಾತ್ರ ತಪಾಸಣೆಯ ರಿಜಿಸ್ಟರಿನಲ್ಲಿ ವಾರವಾರವೂ "೧೩೫೦ರ ಹತ್ತಿರ ಸಪ್ಪಳ ಸರಿ ಇಲ್ಲ" ಎಂದು ಬರೆಯುತ್ತಿದ್ದ. ಯಂತ್ರ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ ಸುರಕ್ಷಾಂಕಕ್ಕೆ ಧಕ್ಕೆ ಎಂದು, ಇನ್ನು ಮೇಲೆ ಬಡಿದು ನೋಡುವುದು ಬೇಡವೆಂದು ಅವನಿಗೆ ನಿರ್ದೇಶಕರಿಂದ ಬಾಯಿಮಾತಿನ ಆಜ್ಞೆಯಾಯಿತು. ಅವನು ಒಂದು ದಿನ ಅವಳ ಮೇಜಿನ ಮುಂದೆ ಬಂದು ನಿಂತ.

"ಬಾಯಾರ, ನಿಮ್ಮ ಯಂತ್ರಕ್ಕ ಅದು ಕೇಳಸವಲ್ದೇನ್ರಿ?"

"ಕೇಳಸ್ತದ ತಿಮ್ಮಣ್ಣಾರ. ನಾವು ನೋಡಕೋತ ಇದ್ದೀವಿ."

ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿ, "ಆತ್ರಿ" ಎಂದು ಹೋದ.

ಆ ಸಲ ಮಳೆ ಜಾಸ್ತಿಯಾಯಿತು. ಮಳೆ ನಿಂತು ಬಿಸಿಲು ಬಿದ್ದ ಎರಡನೇ ವಾರ, ಬೆಳಿಗ್ಗೆ ಹನ್ನೊಂದರ ವಿಮಾನ ಇಳಿಯುತ್ತಿತ್ತು. ಹತ್ತೊಂಬತ್ತು ಆಸನದ ವಿದ್ಯುತ್ ವಿಮಾನ. ನಿಯಂತ್ರಣ ಕೊಠಡಿಯಲ್ಲಿ ಶಶಿರೇಖಾ ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ಚಕ್ರಗಳು ನೆಲ ಮುಟ್ಟಿದವು. ನೆಲಗಿವಿಯ ಪರದೆ ಉದ್ದಕ್ಕೂ ಹಸಿರಾಗಿತ್ತು. ಸಾವಿರದ ಮುನ್ನೂರೈವತ್ತರ ಹತ್ತಿರ ವಿಮಾನದ ಎಡಚಕ್ರ ಒಮ್ಮೆಲೇ ಕುಸಿಯಿತು; ವಿಮಾನ ಗಿರ್ರನೆ ತಿರುಗಿ, ರೆಕ್ಕೆ ಉಜ್ಜುತ್ತ, ಚರಂಡಿಯ ಗೋಡೆಗೆ ಮೂತಿ ಬಡಿದು ನಿಂತಿತು. ಪರದೆ ಆಗಲೂ ಹಸಿರಾಗಿಯೇ ಇತ್ತು.

ಹದಿನೇಳು ಜನ ಪ್ರಯಾಣಿಕರೂ ಪೈಲಟ್ಟೂ ತರಚುಗಾಯಗಳೊಂದಿಗೆ ಹೊರಬಂದರು. ಸಹ ಪೈಲಟ್ ಸಿಂಚನಾ ಎಂಬ ಇಪ್ಪತ್ತಾರು ವರ್ಷದ ಹುಡುಗಿಯ ಎಡಗಾಲು ಮುಂಭಾಗದ ತಗಡಿನಲ್ಲಿ ಸಿಕ್ಕಿ ಜಜ್ಜಿಹೋಗಿತ್ತು. ಎರಡು ದಿನದ ಮೇಲೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಯಾರೂ ಸಾಯಲಿಲ್ಲವೆಂದು ಊರೆಲ್ಲ ನಿಟ್ಟುಸಿರು ಬಿಟ್ಟಿತು. ಪತ್ರಿಕೆಗಳು ಪವಾಡವೆಂದು ಬರೆದವು.

ಗುಂಡಿಗೆ ಎರಡೇ ದಿನದಲ್ಲಿ ಕಾಂಕ್ರೀಟ್ ಸುರಿದು ವಿಮಾನಗಳನ್ನು ಮತ್ತೆ ಶುರು ಮಾಡಿದರು. ಹತ್ತನೇ ದಿನ ವಿಚಾರಣೆ ನಡೆಯಿತು. ತಿಮ್ಮಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಗೋಡೆಯ ಹತ್ತಿರ ಕೂತಿದ್ದ. ಸಮಿತಿಯ ಅಧ್ಯಕ್ಷರು ಶಶಿರೇಖಾಳನ್ನು ಕೇಳಿದರು: ಅವತ್ತು ನೆಲಗಿವಿ ಕೆಲಸ ಮಾಡುತ್ತಿತ್ತೇ? ಮಾಡುತ್ತಿತ್ತು. ಯಾವುದಾದರೂ ಎಚ್ಚರಿಕೆ ಕೊಟ್ಟಿತೇ? ಇಲ್ಲ. ಯಂತ್ರದಲ್ಲಿ ದೋಷ ಕಂಡಿದೆಯೇ? ಕಂಡಿಲ್ಲ. ಅವಳು ಹೇಳಿದ ಒಂದೊಂದು ಮಾತೂ ನಿಜವೇ ಆಗಿತ್ತು. ಹೇಳುವಾಗ ಎದುರಿಗಿದ್ದ ನೀರಿನ ಬಾಟಲಿಯ ಮೇಲಿನ ಚೀಟಿ ಓದುತ್ತಿದ್ದಳು.

ಯಂತ್ರ ಸರಿಯಿದ್ದರೆ ತಪ್ಪು ತಪಾಸಣೆಯದು. ರಿಜಿಸ್ಟರಿನಲ್ಲಿ ಕೊನೆಯ ನಾಲ್ಕು ತಿಂಗಳು ಬಡಿದು ನೋಡಿದ ದಾಖಲೆಯಿಲ್ಲ. ಅದಕ್ಕೆ ಮೊದಲಿನ ಬರಹಗಳನ್ನು ಯಂತ್ರವೇ ಅಲ್ಲಗಳೆದಿದೆ ಎಂದು ಬದಿಗಿಟ್ಟರು. ಬಾಯಿಮಾತಿನ ಆಜ್ಞೆಗೆ ಸಾಕ್ಷಿಯಿಲ್ಲ. ನಿರ್ದೇಶಕರು ನೆನಪಿಲ್ಲ ಎಂದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದ ತಿಮ್ಮಣ್ಣನನ್ನು ಕೆಲಸದಿಂದ ತೆಗೆದರು.

"ಆ ತಿಮ್ಮಣ್ಣ ಅನ್ನಾಂವ ಪಗಾರ ತಗೊಂಡು ಮಲಗಿದ್ನೇನ?" ಎಂದು ಆ ದಿನ ಗಂಗವ್ವ ಊಟಕ್ಕೆ ಬಡಿಸುತ್ತ ಬೈದಳು. "ಚಿಕ್ಕ ಹುಡುಗೀದು ಕಾಲು ಹೋತು. ಅವಗ ಒಳ್ಳೇದಾಗೂದಿಲ್ಲ ನೋಡ."

"ಅವ್ವಾ, ಹಂಗ ಅನಬ್ಯಾಡ."

"ಯಾಕ ಅನಬಾರದು? ಮಾಡಿದವರು ಉಣಬೇಕು."

ಶಶಿರೇಖಾ ತುತ್ತು ಕೈಯಲ್ಲೇ ಹಿಡಿದು ಎದ್ದು ಹಿತ್ತಲಿಗೆ ಹೋದಳು. ವೀರೇಶ ಹಿಂದೆಯೇ ಬಂದ. ಅವನಿಗೆ ಎಲ್ಲವನ್ನೂ ಹೇಳಿದಳು.

"ನನಗ ಹೇಳಬಾರದಿತ್ತು ನೀ," ಎಂದ ಅವನು. "ಇನ್ನ ತಿಮ್ಮಣ್ಣಾರ ಮನಿ ಮುಂದ ಹಾದು ಹೋಗೂದು ಹೆಂಗ?" ಅವತ್ತಿನಿಂದ ಅವನು ಕಾಲೇಜಿಗೆ ಸುತ್ತುಬಳಸಿನ ದಾರಿ ಹಿಡಿದ.

ತಿಂಗಳಾದ ಮೇಲೆ ದೆಹಲಿಯಿಂದ ಇನ್ನೊಂದು ಪತ್ರ ಬಂತು. ಅತಿ ಕಡಿಮೆ ಸುಳ್ಳು ಎಚ್ಚರಿಕೆ ಕೊಟ್ಟ ನೆಲಗಿವಿ ನರಗಟ್ಟಿಯದೆಂದು ಲೆಕ್ಕವಾಗಿತ್ತು; ಕೊಡದೇ ಹೋದ ಎಚ್ಚರಿಕೆ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ಅದು ಕಲಿತ ಪಾಠವನ್ನೇ ನಕಲು ಮಾಡಿ ದೇಶದ ನಲವತ್ತಮೂರು ನಿಲ್ದಾಣಗಳ ನೆಲಗಿವಿಗಳಿಗೆ ಹಾಕಲಾಗುವುದು. ಮೂರು ವಾರದೊಳಗೆ ಸಿದ್ಧಪಡಿಸಿ ಕೊಡಬೇಕು. ಕೊನೆಯಲ್ಲಿ ಎಂಜಿನಿಯರ್ ಶಶಿರೇಖಾ ಯಾವಗಲ್ ಅವರಿಗೆ ಅಭಿನಂದನೆ.

ನಲವತ್ತಮೂರು ಊರುಗಳಲ್ಲಿ, ಟೊಳ್ಳು ನೆಲದ ಸದ್ದು ಕೇಳಿದಾಗಲೆಲ್ಲ ನಲವತ್ತಮೂರು ಯಂತ್ರಗಳು ಗಟ್ಟಿ ಎನ್ನುವವು. ಇಷ್ಟು ತಿಳಿದ ಮೇಲೂ ಅವಳ ತಲೆಗೆ ಮೊದಲು ಹೊಳೆದದ್ದು, ತನ್ನ ಹೆಸರು ಹೊರಬಾರದ ಹಾಗೆ ಇದನ್ನು ಸರಿಪಡಿಸುವುದು ಹೇಗೆ ಎಂಬುದೇ. ಅಧಿಕೃತವಾದ ಮೇಲೆ ಹದಿನೈದು ಗುರುತುಗಳನ್ನು ಹಿಂದಕ್ಕೆ ತಿರುಗಿಸಿದರೆ ಬದಲಿಸಿದ್ದು ದೆಹಲಿಯ ದಾಖಲೆಯಲ್ಲಿ ಕಾಣುತ್ತದೆ. ಮೊದಲಿನಿಂದ ಹೊಸ ಪಾಠ ಕಲಿಸಿದರೆ, ಸುಧಾರಿತ ಆವೃತ್ತಿ ಎಂದು ಕಳಿಸಬಹುದು. ಆದರೆ ಅದಕ್ಕೆ ಆ ಕಿವಿ ಬೇಕಿತ್ತು.

ಭಾನುವಾರ ಬೆಳಿಗ್ಗೆ ಅವಳು ವಡ್ಡರ ಓಣಿಗೆ ಹೋದಳು. ತಿಮ್ಮಣ್ಣ ಮನೆಯ ಮುಂದೆ ಕೂತು ಒಳಕಲ್ಲು ಕಡಿಯುತ್ತಿದ್ದ. ಕೆಲಸ ಹೋದ ಮೇಲೆ ಹಳೆಯ ಕಸುಬಿಗೆ ತಿರುಗಿದ್ದ. ಅವಳನ್ನು ಕಂಡು ಉಳಿ ಕೆಳಗಿಟ್ಟ.

"ಬರ್ರಿ ಬಾಯಾರ. ಕೆಂಚವ್ವಾ, ಬಾಯಾರಿಗೆ ನೀರು ತಗೊಂಡ ಬಾ."

ಅವನ ಹೆಂಡತಿ ಕೆಂಚವ್ವ ತಂಬಿಗೆ ತಂದು ಅವಳ ಮುಂದೆ ಇಟ್ಟು, ಮುಖ ನೋಡದೆ ಒಳಗೆ ಹೋದಳು. ಶಶಿರೇಖಾ ಹೊಸ ಆವೃತ್ತಿ, ಹನ್ನೆರಡು ದಿನದ ಕೆಲಸ, ಬೇರೆ ಕಡೆ ಎಳೆ ಹೂತಿರುವ ಖಾಲಿ ರಸ್ತೆಯಲ್ಲಿ ಬಡಿದರೂ ಸಾಕು ಎಂದೆಲ್ಲ ಹೇಳಿದಳು. ಅವನು ಪೂರ್ತಿ ಕೇಳಿದ.

"ಹಳೇ ಪಾಠ ಯಾಕ ಬ್ಯಾಡಾತ್ರಿ?"

ಅವಳು ತಂಬಿಗೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು.

"ನಾ ಟೊಳ್ಳ ಅಂದಿದ್ದೆ. ನೀವು ಬರಕೊಂಡದ್ದ ನೋಡೀನಿ. ಯಂತ್ರ ಗಟ್ಟಿ ಅಂತು. ನಾ ಕಲಸಿದ್ದ ಒಂದು, ಅದು ಅಂದದ್ದ ಇನ್ನೊಂದು ಅಂದ್ರ, ನಡಕ ಯಾರೋ ಬದಲಿ ಮಾಡ್ಯಾರ. ನಡಕ ಇದ್ದವರು ನೀವೊಬ್ರ."

"ಗೊತ್ತಿತ್ತೇನು ನಿಮಗ?" ಎಂದಳು. "ಮತ್ತ ಅವತ್ತು ಯಾಕ ಹೇಳಲಿಲ್ಲ?"

"ನಾ ಹೇಳಿದ್ರ, ನೌಕರಿ ಉಳಸ್ಕೊಳ್ಳಾಕ ಹೇಳತಾನ ಅಂತಿದ್ರು. ಹೋಗ್ಲಿ. ನೀವು ಹೇಳ್ತೀರಿ ಅಂತ ಕಾದೆ ರೀ. ಹನ್ನೆರಡು ದಿನ ಬಿಸಲಾಗ ಜೊತಿ ನಡದವರು, ಒಮ್ಮೆರ ಈ ಕಡೆ ನೋಡ್ತೀರಿ ಅಂತ ನಿಮ್ಮ ಮಾರಿನ ನೋಡಕೋತ ಕುಂತಿದ್ದೆ. ನೋಡಲಿಲ್ಲ ನೀವು."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಕೂರುವುದು ಸುಲಭವಾಗುತ್ತಿತ್ತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಅವಳು ನೆಲ ನೋಡಿದಳು.

"ತಪ್ಪಾತು ತಿಮ್ಮಣ್ಣಾರ," ಎಂದಳು. "ಆದ್ರ ಈಗ ನಲವತ್ತಮೂರು ಊರು... ನಿಮ್ಮ ಕಿವಿ ಇಲ್ಲದ ಆಗೂದಿಲ್ಲ."

"ಬರ್ತೀನಲ್ರಿ. ಬರೂದಿಲ್ಲ ಅಂದ್ನೇನ?" ಅವನು ಉಳಿಯನ್ನು ಕೈಗೆತ್ತಿಕೊಂಡ. "ಕದ್ದು ಮಾತ್ರ ಬರೂದಿಲ್ಲ. ನನ್ನ ಹೆಸರು ತಗೊಂಡು, ಎಲ್ಲಾರ ಮುಂದ ಕರೀರಿ. ಅವತ್ತ ಬರ್ತೀನಿ."

ಅವಳು ತಂಬಿಗೆಯ ನೀರು ಕುಡಿದಳು. ಕುಡಿಯದೆ ಏಳುವುದು ಅವರಿಗೆ ಮಾಡುವ ಇನ್ನೊಂದು ಅವಮಾನವಾದೀತೆಂದು ಪೂರ್ತಿ ಕುಡಿದಳು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬರೆಯಲು ಕೂತಳು. ಮೊದಲ ಸಲ ಬರೆದ ಪತ್ರದಲ್ಲಿ ನಿರ್ದೇಶಕರ ಹೆಸರು ಆರು ಕಡೆ, ತನ್ನ ಹೆಸರು ಎರಡು ಕಡೆ ಇತ್ತು. ಅದನ್ನು ಹರಿದಳು. ಎರಡನೆಯದರಲ್ಲಿ ತಾಯಿಯ ಕಾಯಿಲೆಯ ಕಥೆ ಉದ್ದವಾಗಿ ಬಂದಿತ್ತು. ಅದನ್ನೂ ಹರಿದಳು. ಮೂರನೆಯದು ಒಂದೇ ಪುಟ: ಇಂಥ ದಿನ, ಇಷ್ಟು ಹೊತ್ತಿಗೆ, ಈ ಹದಿನೈದು ಗುರುತುಗಳನ್ನು ನಾನು ಬದಲಿಸಿದೆ, ನಿರ್ದೇಶಕರು ಮರುವಿಚಾರ ಮಾಡಲು ಹೇಳಿದ್ದರು, ಬದಲಿಸಿದ್ದು ನನ್ನ ಕೈ, ತಿಮ್ಮಣ್ಣ ಬಂಡಿವಡ್ಡರ ಹೇಳಿದ್ದು ಸರಿಯಾಗಿತ್ತು. ಸಮಿತಿಗೂ ನಿಧಿಯ ಕಚೇರಿಗೂ ಕಳಿಸಿ, ಅಡುಗೆಮನೆಗೆ ಬಂದು ತಾಯಿಯ ಮುಂದೆ ನಿಂತಳು.

"ಅವ್ವಾ, ನೀ ಬೈದದ್ದು ನನಗ ಬೈದಿ."

ಗಂಗವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆ ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಳು.

ಮುಂದಿನದು ಬೇಗ ಬೇಗ ನಡೆಯಿತು. ನಲವತ್ತಮೂರು ಕಡೆಯ ನಕಲು ನಿಂತಿತು. ನರಗಟ್ಟಿ ನಿಲ್ದಾಣಕ್ಕೆ ಬೀಗ ಬಿತ್ತು. ಶಶಿರೇಖಾ ಅಮಾನತಾದಳು, ಪೊಲೀಸು ಕೇಸಾಯಿತು. ನಿಲ್ದಾಣವನ್ನೇ ನಂಬಿದ್ದ ಆಟೋದವರು, ಹೋಟೆಲಿನವರು ಅವಳ ಮನೆಯ ಮುಂದೆ ಬಂದು ಕೂಗಾಡಿದರು. ಪೇಟೆಯಲ್ಲಿ ಕಾಯಿಪಲ್ಯ ಮಾರುವವಳೊಬ್ಬಳು, "ನನ್ನ ಮೊಮ್ಮಗನ್ನ ಬಸ್ಸಿನ್ಯಾಗ ಒಯ್ಯುಮುಂದ ನಿನ್ನ ಹೆಸರ ತಗೊಂಡೆ ತಾಯಿ" ಎಂದು ತಕ್ಕಡಿ ಕೆಳಗಿಟ್ಟಳು. ಸುಳ್ಳು ಹೇಳಿದ್ದಕ್ಕೆ ಬೈಯುವವರು ಕೆಲವರು, ನಿಜ ಹೇಳಿದ್ದಕ್ಕೆ ಬೈಯುವವರು ಹಲವರು. ಎರಡಕ್ಕೂ ಅವಳು ತಲೆ ತಗ್ಗಿಸಿದಳು.

ನಾಲ್ಕು ತಿಂಗಳ ನಂತರ ಮರುವಿಚಾರಣೆ. ತಿಮ್ಮಣ್ಣನನ್ನು ಬಾಕಿ ಸಂಬಳದೊಂದಿಗೆ ಮರಳಿ ತೆಗೆದುಕೊಳ್ಳಬೇಕೆಂದೂ, ನಿಧಿಯ ನಿಯಮ ಬದಲಿಸಿ ನೆಲ ಕೆಟ್ಟಿರುವ ನಿಲ್ದಾಣಗಳಿಗೇ ಮೊದಲು ಅನುದಾನ ಕೊಡಬೇಕೆಂದೂ ಸಮಿತಿ ಹೇಳಿತು. ನಿರ್ದೇಶಕರ ಮೇಲೆ ಬೇರೆ ತನಿಖೆ. ಶಶಿರೇಖಾಳ ಕೆಲಸ ಹೋಯಿತು, ಉಳಿದದ್ದು ನ್ಯಾಯಾಲಯಕ್ಕೆ. ಎಲ್ಲರ ಮುಂದೆ ಅವಳು ತಿಮ್ಮಣ್ಣನ ಹೆಸರು ಹೇಳಿ, ಅವನ ಕಡೆ ನೋಡಿ ಮಾತಾಡಿದ್ದಳು. ಅವನು ತಲೆಯಾಡಿಸಿದ್ದ, ಅಷ್ಟೇ.

ಹೊರಗೆ ಬಂದಾಗ ಮೊಗಸಾಲೆಯ ಬೆಂಚಿನ ಹತ್ತಿರ ಸಿಂಚನಾ ನಿಂತಿದ್ದಳು. ಫೋಟೋದಲ್ಲಿ ನೋಡಿದ್ದಕ್ಕಿಂತ ಸಣ್ಣವಳು. ಪ್ಯಾಂಟಿನ ಕೆಳಗೆ ಎಡಗಡೆ ಹೊಸ ಬೂಟು, ನಡಿಗೆಯಲ್ಲಿ ಅಳುಕು. ಶಶಿರೇಖಾ ಹತ್ತಿರ ಹೋದಳು. ನಾಲ್ಕು ತಿಂಗಳು ಹೊಂದಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹೋಗಿ, ಹುಟ್ಟಿನಿಂದ ಬಂದ ರೂಢಿಯಂತೆ ಬಗ್ಗಿ ಆ ಹುಡುಗಿಯ ಪಾದ ಮುಟ್ಟಲು ಕೈ ಚಾಚಿದಳು. ಕೈ ಅರ್ಧದಲ್ಲೇ ನಿಂತಿತು. ಎದುರಿಗಿದ್ದದ್ದು ಎಡಗಡೆಯ ಆ ಹೊಸ ಬೂಟು.

ಸಿಂಚನಾ ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡ ಮೇಡಂ, ಏಳಿ. ನಂಗೆ ಅದು ಆಗಲ್ಲ."

ಶಶಿರೇಖಾ ಎದ್ದಳು. ಕಿವಿಯವರೆಗೂ ಮುಖ ಉರಿಯುತ್ತಿತ್ತು. ಅವಳಿಗೆ ಓಡಿಹೋಗಬೇಕೆನ್ನಿಸಿತು.

"ನಾವು ಇಳೀತಾ ಇದ್ದಾಗ ನೀವು ನೋಡ್ತಾ ಇದ್ರಾ?" ಎಂದು ಸಿಂಚನಾ ಕೇಳಿದಳು.

"ನೋಡ್ತಿದ್ದೆ."

"ಆ ಜಾಗ ನೆನಪಿತ್ತಾ ನಿಮಗೆ, ಆಗ?"

ಈ ಪ್ರಶ್ನೆಯನ್ನು ಸಮಿತಿಯವರು ಕೇಳಿರಲಿಲ್ಲ. ಇಲ್ಲವೆಂದರೆ ನಂಬದಿರಲು ಕಾರಣವೂ ಇರಲಿಲ್ಲ.

"ಇತ್ತು," ಎಂದಳು ಶಶಿರೇಖಾ. "ದಿನಾ ಎಲ್ಲಾ ವಿಮಾನ ಇಳಿಯುಮುಂದ ನೆನಪಾಗತಿತ್ತು. ಆ ಜಾಗಾ ದಾಟಿದ ಮ್ಯಾಲೆ ಚಹಾ ಕುಡೀತಿದ್ದೆ."

ಸಿಂಚನಾ ಬೆಂಚಿನ ಹಿಡಿಕೆ ಹಿಡಿದು ನಿಧಾನವಾಗಿ ಕೂತಳು, ಎಡಗಾಲನ್ನು ಎರಡೂ ಕೈಯಿಂದ ಸರಿಮಾಡಿಕೊಂಡಳು. ಒಳಗಿನಿಂದ ಜನ ಮಾತಾಡುತ್ತ ಬಂದು ಅವರನ್ನು ದಾಟಿ ಹೋದರು. ಅವರೆಲ್ಲ ಹೋಗುವ ತನಕ ಅವಳು ಎದುರಿನ ಗೋಡೆ ನೋಡುತ್ತಿದ್ದಳು.

"ಕೂತ್ಕೊಳ್ಳಿ," ಎಂದಳು ಆಮೇಲೆ. "ನಿಮ್ಮ ಪತ್ರ ಓದಿದೀನಿ. ಅದರಲ್ಲಿ ಬರೀ ತಾರೀಖು, ನಂಬರು. ನಂಗೆ ಬಾಯಲ್ಲಿ ಕೇಳ್ಬೇಕು. ಕ್ಷಮಿಸ್ತೀನಿ ಅಂತ ಅಂದ್ಕೋಬೇಡಿ, ಅದು ಗೊತ್ತಿಲ್ಲ. ಸುಮ್ನೆ ಮೊದಲಿಂದ ಹೇಳಿ."

ಶಶಿರೇಖಾ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹುಡುಗಿಯ ಕಣ್ಣುಗಳನ್ನೇ ನೋಡುತ್ತ ಹೇಳತೊಡಗಿದಳು.

"ಅವತ್ತು ಎಲ್ಲಾರೂ ಊಟಕ್ಕ ಹೋಗಿದ್ರು. ಯಾರೂ ನನ್ನ ಒತ್ತಾಯ ಮಾಡಲಿಲ್ಲ. ಕುರ್ಚಿ ಎಳಕೊಂಡು ನಾನ ಕೂತೆ..."